ಉದ್ಯೋಗ, ಮನೆ, ಬಸ್ ಪ್ರಯಾಣದ ನಡುವೆ ಕೆ-ಸೆಟ್ ಓದಿಗೆ ಸಮಯ ಹೊಂದಿಸುವುದು ಹೇಗೆ?

ಮೂಲ್ಕಿಯ ಓದುಗಿ:

ಎಲ್ಲರಿಗೂ ನಮಸ್ಕಾರ. ನಾನು ಮೂಲ್ಕಿಯವಳು, ಮಂಗಳೂರಿನ ಹಂಪನಕಟ್ಟೆಯಲ್ಲಿರುವ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಕನ್ನಡ ಎಂ.ಎ. ಮುಗಿಸಿ ಕೆಲವು ವರ್ಷಗಳಾದರೂ ಕಾಲೇಜಿನಲ್ಲಿ ಪಾಠ ಮಾಡಬೇಕೆಂಬ ಆಸೆ ಮಾಸಿಲ್ಲವಾದ್ದರಿಂದ ಈ ಬಾರಿ ಕೆ-ಸೆಟ್ (ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ) ಬರೆಯಲು ನಿರ್ಧರಿಸಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಮರಳುವಾಗ ಸಂಜೆ ಏಳಾಗುತ್ತದೆ; ಕೂಳೂರು ಸೇತುವೆಯ ಬಳಿ ವಾಹನಗಳು ಸಾಲುಗಟ್ಟಿದರೆ ಇನ್ನೂ ತಡ. ಅಡುಗೆ, ಮಗಳ ಹೋಂವರ್ಕ್, ಅತ್ತೆಯವರ ಔಷಧಿ ಎಲ್ಲ ಮುಗಿದ ಮೇಲೆ ಪುಸ್ತಕ ತೆರೆದರೆ ಎರಡು ಪುಟಕ್ಕೇ ಕಣ್ಣು ಮುಚ್ಚಿಕೊಳ್ಳುತ್ತದೆ. ಭಾನುವಾರವಾದರೂ ಓದೋಣವೆಂದರೆ ಮದುವೆ, ಗೃಹಪ್ರವೇಶ, ದೈವದ ನೇಮ, ದೇವಸ್ಥಾನದ ಬ್ರಹ್ಮಕಲಶ ಎಂದು ಒಂದಿಲ್ಲೊಂದು ಕರೆ ಇದ್ದೇ ಇರುತ್ತದೆ. ಇದರ ಜೊತೆಗೆ ಮದ್ದಳೆ ಕಲಿಕೆಗೂ ವಾರಕ್ಕೆರಡು ಸಂಜೆ ಹೋಗುತ್ತಿದ್ದೇನೆ. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರೂ ಒಂದು ದಿನ ತಪ್ಪಿದ ಕೂಡಲೇ ಎಲ್ಲವೂ ಕೈಬಿಟ್ಟುಹೋಗುತ್ತದೆ. ಇಂತಹ ಸ್ಥಿತಿಯಲ್ಲಿ ಓದಿದವರು ಯಾರಾದರೂ ಇದ್ದರೆ ದಾರಿ ತಿಳಿಸಬೇಕಾಗಿ ವಿನಂತಿ.

ಕಾರ್ಕಳದ ಅಭ್ಯರ್ಥಿ:

ಅಕ್ಕ, ಬೆಳಿಗ್ಗೆ ನಾಲ್ಕೂವರೆಗೆ ಏಳುವುದೊಂದೇ ಉಪಾಯ. ಆ ಹೊತ್ತಿನಲ್ಲಿ ಫೋನ್ ಕರೆಯಿಲ್ಲ, ಮನೆಯವರ ಮಾತಿಲ್ಲ. ಎರಡು ಗಂಟೆ ಓದಿದರೆ ದಿನದ ಪಾಲು ಮುಗಿದಂತೆಯೇ. ಮದ್ದಳೆಯನ್ನು ಪರೀಕ್ಷೆ ಮುಗಿಯುವವರೆಗೆ ಬಿಟ್ಟುಬಿಡಿ.

ಕಡಿಯಾಳಿ ಮೇಷ್ಟ್ರು:

ನಾಲ್ಕೂವರೆಗೆ ಏಳುವುದು ತಪ್ಪಲ್ಲ, ಆದರೆ ಹಾಗೆ ಏಳುವವರು ರಾತ್ರಿ ಒಂಬತ್ತೂವರೆಗೆ ಮಲಗಲೇಬೇಕು ಎಂಬ ಮಾತನ್ನು ಯಾರೂ ಸೇರಿಸುವುದಿಲ್ಲ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ರೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದೂ ಆ ನಿದ್ರೆಯಲ್ಲಿಯೇ. ಹಗಲೆಲ್ಲ ಲೆಕ್ಕದ ಪುಸ್ತಕ ನೋಡುವ ನಿಮಗೆ ನಿದ್ರೆ ಕದ್ದು ಓದುವ ಸಲಹೆಯನ್ನು ನಾನು ಕೊಡಲಾರೆ.

ನಿಮ್ಮ ಪ್ರಶ್ನೆಯನ್ನು ದಿನದ ಲೆಕ್ಕದಲ್ಲಿ ನೋಡುವ ಮೊದಲು ವರ್ಷದ ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ನಮ್ಮ ಜಿಲ್ಲೆಗಳಲ್ಲಿ ವರ್ಷವು ಎರಡು ಭಾಗವಾಗಿಯೇ ಇದೆ. ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಗೆ ನೇಮ-ಕೋಲಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆ ಹಿಡಿದರೆ ಓಡಾಟವೂ ಕಡಿಮೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳಲ್ಲಂತೂ ಶುಭಕಾರ್ಯದ ಕರೆಯೋಲೆಯೇ ಬರುವುದಿಲ್ಲ. ಅಂದರೆ ನಿಮ್ಮ ಭಾನುವಾರಗಳು ಬಹುಪಾಲು ನಿಮ್ಮ ಕೈಗೆ ಬರುವುದು ಜೂನ್‌ನಿಂದ ಆಗಸ್ಟ್ ಮಧ್ಯದವರೆಗೆ. 2024ರಲ್ಲಿ ಕೆ-ಸೆಟ್ ನಡೆದದ್ದು ನವೆಂಬರ್ 24ರಂದು. ಪರೀಕ್ಷೆ ಮತ್ತೆ ಅದೇ ಸುಮಾರಿಗೆ ಬಂದರೆ ಈ ಕಾಲ ಅದಕ್ಕೆ ಸರಿಯಾಗಿ ಹೊಂದುತ್ತದೆ. ಆದುದರಿಂದ ಹೊಸ ಪಾಠಗಳೆಲ್ಲವನ್ನೂ ಮಳೆಗಾಲದ ಭಾನುವಾರಗಳಿಗೆ ಇಟ್ಟುಕೊಳ್ಳಿ, ಉಳಿದ ದಿನಗಳಿಗೆ ಪುನರಾವರ್ತನೆ ಸಾಕು.

ಇನ್ನು ಓದಿನ ತೂಕ. ಪರೀಕ್ಷೆಯಲ್ಲಿ ಮೊದಲ ಪತ್ರಿಕೆ 50 ಪ್ರಶ್ನೆಗಳಿಗೆ 100 ಅಂಕ, ಎರಡನೆಯದು 100 ಪ್ರಶ್ನೆಗಳಿಗೆ 200 ಅಂಕ. ಎರಡಕ್ಕೂ ಸೇರಿ 3 ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಮೊದಲ ಪತ್ರಿಕೆಯ ಹತ್ತು ಘಟಕಗಳಲ್ಲಿ ದತ್ತಾಂಶ ವಿಶ್ಲೇಷಣೆ, ಗಣಿತದ ತರ್ಕ ಇವೆಲ್ಲ ಕಚೇರಿಯಲ್ಲಿ ದಿನವೂ ಅಂಕಿಗಳೊಡನೆ ಇರುವ ನಿಮಗೆ ಹೆಚ್ಚು ಸಮಯ ಬೇಡುವುದಿಲ್ಲ. ಹಳಗನ್ನಡ, ಛಂದಸ್ಸು, ಕಾವ್ಯಮೀಮಾಂಸೆಗಳು ಹಾಗಲ್ಲ. ನಿಮ್ಮ ಮನಸ್ಸು ಚುರುಕಾಗಿರುವ ಗಂಟೆಗಳನ್ನು ಇವಕ್ಕೇ ಕೊಡಿ. ಮೂರೂ ಹೊತ್ತು ಎಲ್ಲವನ್ನೂ ಸಮವಾಗಿ ಹಂಚುವ ವೇಳಾಪಟ್ಟಿ ಗೋಡೆಯ ಮೇಲೆ ಚೆಂದ ಕಾಣುತ್ತದೆ, ಅಷ್ಟೇ.

ಯಾವ ಘಟಕಕ್ಕೆ ಎಷ್ಟು ದಿನ ಬೇಕೆಂದು ಅಂದಾಜು ಮಾಡುವಾಗ ಉದಾರವಾಗಿರಿ. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮನೋವಿಜ್ಞಾನಿಗಳು ತಮ್ಮ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಕೇಳಿದಾಗ ಅವರ ಅಂದಾಜು ಸರಾಸರಿ ಸುಮಾರು 34 ದಿನವಿತ್ತು, ಮುಗಿಸಲು ಹಿಡಿದದ್ದು ಸುಮಾರು 55 ದಿನ. ಛಂದಸ್ಸಿಗೆ ಹತ್ತು ದಿನ ಎಂದು ಬರೆದಿದ್ದರೆ ಹದಿನಾರು ಎಂದು ತಿದ್ದಿಕೊಳ್ಳಿ.

ಮಣಿಪಾಲದ ರಾತ್ರಿಪಾಳಿ:

ಮೇಷ್ಟ್ರ ಮಳೆಗಾಲದ ಲೆಕ್ಕ ನನಗೂ ಹಿಡಿಸಿತು, ಆದರೆ ಅದರಲ್ಲಿ ಒಂದು ತೊಡಕಿದೆ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಜುಲೈ ಕೊನೆಯಲ್ಲಿ ತೆರಿಗೆ ರಿಟರ್ನ್‌ಗಳ ಒತ್ತಡ, ಸೆಪ್ಟೆಂಬರ್ ಕೊನೆಯಲ್ಲಿ ಆಡಿಟ್ ವರದಿಗಳ ಒತ್ತಡ. ಆಟಿ ತಿಂಗಳ ಅರ್ಧವನ್ನು ಕಚೇರಿಯೇ ನುಂಗಬಹುದು. ಆದ್ದರಿಂದ ಜೂನ್ ಮತ್ತು ಆಗಸ್ಟ್ ತಿಂಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಆ ಎರಡು ಒತ್ತಡದ ವಾರಗಳಲ್ಲಿ ಹೊಸದನ್ನು ಮುಟ್ಟದೆ, ಇಪ್ಪತ್ತು ನಿಮಿಷದ ಪುನರಾವರ್ತನೆ ಮಾತ್ರ ಸಾಕೆಂದು ಮೊದಲೇ ಬರೆದಿಡಿ. ಮೊದಲೇ ಬರೆದಿಟ್ಟದ್ದು ಸೋಲಿನಂತೆ ಕಾಣುವುದಿಲ್ಲ.

ಒಂದು ದಿನ ತಪ್ಪಿದರೆ ಎಲ್ಲ ಕೈಬಿಡುತ್ತದೆ ಎಂದಿರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದ ಅಧ್ಯಯನದಲ್ಲಿ ಒಂದು ರೂಢಿ ತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಬೇಕಾಗಿತ್ತು. ಜನರಿಂದ ಜನರಿಗೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚಿನ ಹಾನಿಯಾಗಲಿಲ್ಲ ಎಂಬುದು ಅದರಲ್ಲಿ ನಿಮಗೆ ಬೇಕಾದ ಸಂಗತಿ. ಅದೇ ಅಧ್ಯಯನದಲ್ಲಿ ಅವರು ರೂಢಿಯನ್ನು ಗಡಿಯಾರದ ಗಂಟೆಗೆ ಕಟ್ಟದೆ, ಊಟದ ನಂತರ, ತಿಂಡಿಯ ಮೊದಲು ಎಂಬಂತೆ ದಿನವೂ ನಡೆಯುವ ಕೆಲಸವೊಂದಕ್ಕೆ ಕಟ್ಟಿದ್ದರು. ನಿಮಗೂ ‘ರಾತ್ರಿ ಒಂಬತ್ತಕ್ಕೆ’ ಎನ್ನುವುದಕ್ಕಿಂತ ‘ಬಸ್ಸಿನಲ್ಲಿ ಸೀಟು ಸಿಕ್ಕಿ ಕುಳಿತ ಕೂಡಲೇ’ ಎನ್ನುವುದು ಹೊಂದೀತು. ಸೀಟು ಸಿಗದ ದಿನ ಕಿವಿಗೆ ಇಯರ್‌ಫೋನ್ ಇದ್ದರೆ, ನಿಮ್ಮದೇ ಧ್ವನಿಯಲ್ಲಿ ಮುದ್ರಿಸಿಟ್ಟ ಟಿಪ್ಪಣಿ ಕೇಳಿ. ಸುರತ್ಕಲ್ ದಾಟುವವರೆಗಿನ ಗದ್ದಲದಲ್ಲಿ ಕಠಿಣ ಓದು ಸಾಗದು, ಕೇಳುವುದು ಸಾಗುತ್ತದೆ.

ಮದ್ದಳೆಯ ಬಗ್ಗೆ ಮಾತ್ರ ಕಾರ್ಕಳದವರೊಡನೆ ನನ್ನ ಸಮ್ಮತಿಯಿಲ್ಲ. ಇಡೀ ವಾರ ದುಡಿದು ಓದುವವರಿಗೆ ಕೈಗೆ, ಕಿವಿಗೆ ಬೇರೆ ಕೆಲಸ ಕೊಡುವ ಒಂದು ಸಂಜೆ ಬೇಕು. ಎರಡನ್ನು ಒಂದು ಮಾಡಿ, ಒಂದನ್ನು ಇಲ್ಲವಾಗಿಸಬೇಡಿ.

ಮೂಲ್ಕಿಯ ಓದುಗಿ:

ಎಲ್ಲರಿಗೂ ಧನ್ಯವಾದ. ಮಳೆಗಾಲದ ಭಾನುವಾರಗಳನ್ನು ಈ ದೃಷ್ಟಿಯಿಂದ ನಾನು ನೋಡಿರಲೇ ಇಲ್ಲ. ಮದ್ದಳೆಯ ಗುರುಗಳೊಡನೆ ಮಾತಾಡಿ ಶನಿವಾರ ಸಂಜೆ ಮಾತ್ರ ಉಳಿಸಿಕೊಳ್ಳುತ್ತೇನೆ. ಇನ್ನೊಂದು ಸಂಜೆ ಕಾವ್ಯಮೀಮಾಂಸೆಗೆ. ರಾತ್ರಿಯ ಅಡುಗೆಯನ್ನು ವಾರಕ್ಕೆ ಮೂರು ದಿನ ಯಜಮಾನರು ವಹಿಸಿಕೊಳ್ಳಲು ಒಪ್ಪಿದ್ದಾರೆ, ಸಾರಿಗೆ ಉಪ್ಪು ಎಷ್ಟು ಎಂಬ ಪ್ರಶ್ನೆಗೆ ಮಾತ್ರ ನಾನು ಉತ್ತರಿಸಬೇಕಂತೆ. ಇನ್ನೊಂದು ಸಂದೇಹ: ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದು ಮುಗಿದ ಮೇಲೆ ಬಿಡಿಸಬೇಕೋ, ಈಗಲೇ ಆರಂಭಿಸಬಹುದೋ?

ಕಡಿಯಾಳಿ ಮೇಷ್ಟ್ರು:

ಈಗಲೇ ಒಂದನ್ನು ಬಿಡಿಸಿ. ಎಷ್ಟು ಅಂಕ ಬಂತೆಂಬುದಕ್ಕಿಂತ ಯಾವ ಘಟಕದಲ್ಲಿ ಕೈ ನಿಂತಿತು ಎಂಬುದನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಜೂನ್ ತಿಂಗಳ ಪಟ್ಟಿ ಆ ಗುರುತುಗಳಿಂದಲೇ ತಯಾರಾಗಲಿ. ಉಳಿದ ಪತ್ರಿಕೆಗಳನ್ನು ಅಕ್ಟೋಬರ್‌ನ ಭಾನುವಾರಗಳಿಗೆ ಇಟ್ಟು, ಪರೀಕ್ಷೆಯಲ್ಲಿರುವಂತೆಯೇ 3 ಗಂಟೆ ಎದ್ದೇಳದೆ ಕುಳಿತು, ಒಎಂಆರ್ ಹಾಳೆಯ ನಕಲಿನಲ್ಲಿ ಪೆನ್ನಿನಿಂದಲೇ ತುಂಬಿ. 150 ವೃತ್ತಗಳನ್ನು ತುಂಬುವುದಕ್ಕೇ ಎಷ್ಟು ನಿಮಿಷ ಹೋಗುತ್ತದೆಂದು ಆಗ ತಿಳಿಯುತ್ತದೆ. ಅಧಿಸೂಚನೆ ಬಂದ ದಿನವೇ ಅರ್ಜಿ ಶುಲ್ಕ ಕಟ್ಟಿಬಿಡಿ, ಕೊನೆಯ ದಿನ ಸರ್ವರ್ ಕಾಯುತ್ತಾ ಒಂದು ಸಂಜೆ ಕಳೆಯಬೇಡಿ.