ಪೆಟ್ ಸ್ಕ್ಯಾನರ್: ಮಾಡ್ಯೂಲ್ ಬದಲಿಸಿದ ಮೇಲೆ ಟೈಮಿಂಗ್ ಕೂರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮ ಪೆಟ್ ಸ್ಕ್ಯಾನರಿನಲ್ಲಿ (ದೇಹದೊಳಗಿನ ವಿಕಿರಣ ವಸ್ತುವಿನಿಂದ ಎದುರುಬದುರು ಹಾರುವ ಎರಡು ಫೋಟಾನ್ ಹಿಡಿದು ಚಿತ್ರ ಕಟ್ಟುವ ಯಂತ್ರ) ಒಂದು ಡಿಟೆಕ್ಟರ್ ಮಾಡ್ಯೂಲ್ ಬದಲಾಯಿಸಿದೆವು. ಆಮೇಲೆ ವಿಕಿರಣ ಸೂಸುವ ಜರ್ಮೇನಿಯಂ-68 ಸಿಲಿಂಡರ್ (ಫ್ಯಾಂಟಮ್) ಇಟ್ಟು ಟೈಮಿಂಗ್ ಕ್ಯಾಲಿಬ್ರೇಷನ್, ಅಂದರೆ ಫೋಟಾನ್ ಹಿಡಿಯುವ ಎಲ್ಲ ಕ್ರಿಸ್ಟಲ್‌ಗಳ ಟೈಮ್ ಹೊಂದಿಸುವ ಕೆಲಸ, ಮೂರು ಸಲ ಓಡಿಸಿದ್ದಾಯಿತು. ಪ್ರತಿ ಸಲ ಆಫ್‌ಸೆಟ್ (ಒಂದೊಂದು ಕ್ರಿಸ್ಟಲಿನ ಟೈಮಿನಿಂದ ಕಳೆಯಬೇಕಾದ ವ್ಯತ್ಯಾಸ) ಬೇರೆ ಬೇರೆ. ನಡುವೆ ಲೈನ್ ಸೋರ್ಸ್ ಇಟ್ಟು ಅಳೆದರೆ ಮೊದಲು 380 ಪಿಕೋಸೆಕೆಂಡ್ ಇದ್ದ ಟೈಮಿಂಗ್ ರೆಸಲ್ಯೂಶನ್ (ಕಮ್ಮಿ ಇದ್ದಷ್ಟೂ ಒಳ್ಳೆಯದು) ಈಗ 430ರ ಹತ್ತಿರ. ಈ ಪಾಡು ಪಟ್ಟವರು ಇದ್ದೀರಾ? ಎಲ್ಲಿಂದ ಶುರು ಮಾಡಲಿ?

ಉತ್ತರ 1: ನಾಲ್ಕನೇ ಸಲ ಓಡಿಸಬೇಡಿ. ಆ ಮೂರೂ ಆಫ್‌ಸೆಟ್ ಪಟ್ಟಿ ತೆಗೆದು ಗ್ರಾಫ್ ಹಾಕಿ. ಅಡ್ಡಕ್ಕೆ ರಿಂಗ್ ಸುತ್ತಲಿನ ಕ್ರಿಸ್ಟಲ್ ನಂಬರ್, ಉದ್ದಕ್ಕೆ ಆಫ್‌ಸೆಟ್. ನಾನು ಇಷ್ಟು ಮಾಡದೆ ಎರಡು ರಾತ್ರಿ ಸುಮ್ನೆ ಕೇಬಲ್ ಬದಲಿಸುತ್ತಾ ಕೂತಿದ್ದೆ. ಕೊನೆಗೆ ಗ್ರಾಫ್ ಹಾಕಿದರೆ ಚಂದದ ಒಂದು ಅಲೆ! ರಿಂಗ್ ಒಂದು ಸುತ್ತು ಬರುವಷ್ಟರಲ್ಲಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಎಲೆಕ್ಟ್ರಾನಿಕ್ಸ್ ಕೈಕೊಟ್ಟರೆ ಹೀಗೆ ನುಣ್ಣಗೆ ಬಾಗುವುದಿಲ್ಲ. ಒಂದೇ ಕಡೆ ಮೆಟ್ಟಿಲಿನ ಹಾಗೆ ಎದ್ದು ಕಾಣುತ್ತದೆ. ಅಲೆ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಫ್ಯಾಂಟಮ್ ಮೇಲೆ. ಅದು ನಡುವಿನಲ್ಲಿ ಇರುವುದಿಲ್ಲ.

ಲೆಕ್ಕ ನೋಡಿ. ಬೆಳಕು 1 ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಓಡುತ್ತದೆ. ನನ್ನ ಫ್ಯಾಂಟಮ್ 12 ಮಿಲಿಮೀಟರ್ ಸರಿದಿತ್ತು. ಒಂದು ಫೋಟಾನಿಗೆ ದಾರಿ ಅಷ್ಟು ಕಮ್ಮಿ, ಎದುರಿನದಕ್ಕೆ ಅಷ್ಟೇ ಜಾಸ್ತಿ. ಒಟ್ಟು 24 ಮಿಲಿಮೀಟರ್, ಅಂದರೆ 80 ಪಿಕೋಸೆಕೆಂಡ್. ಫ್ಯಾಂಟಮ್ ನಡುವೆಯೇ ಇದೆ ಎಂದು ನಂಬಿದ ಸಾಫ್ಟ್‌ವೇರ್ ಆ 80ನ್ನು ಪಾಪದ ಕ್ರಿಸ್ಟಲ್‌ಗಳ ತಲೆಗೆ ಕಟ್ಟುತ್ತದೆ. ಅದೇ ಡೇಟಾದಿಂದ ಟೈಮ್ ಆಫ್ ಫ್ಲೈಟ್ (ಎರಡು ಫೋಟಾನ್ ಬಂದ ಹೊತ್ತಿನ ವ್ಯತ್ಯಾಸ) ಬಳಸದೆ ಒಂದು ಚಿತ್ರ ತೆಗೆಯಿರಿ. ಸಿಲಿಂಡರಿನ ನಿಜವಾದ ಕೇಂದ್ರ ಎಲ್ಲಿದೆ ಎಂದು ಅದರಲ್ಲಿ ಸಿಗುತ್ತದೆ. ಅದನ್ನು ಲೆಕ್ಕಕ್ಕೆ ಕೊಡಿ.

ಉತ್ತರ 2: ಹೊಸ ಮಾಡ್ಯೂಲಿನ ಎನರ್ಜಿ ಪೀಕ್ ಸರಿಮಾಡಿದ್ದೀರಾ? ಫೋಟಾನಿನ ಶಕ್ತಿ ತೋರುವ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಪೀಕ್ ಜಾಗಕ್ಕೆ ಬರುವ ಮೊದಲು ಟೈಮಿಂಗ್ ಮುಟ್ಟಿದರೆ ಕೆಲಸ ಎರಡೆರಡು ಸಲ. ಸಣ್ಣ ಪಲ್ಸ್ ಥ್ರೆಶೋಲ್ಡನ್ನು (ಟೈಮ್ ಗುರುತಿಸುವ ಮಟ್ಟವನ್ನು) ತಡವಾಗಿ ದಾಟುತ್ತದೆ, ದೊಡ್ಡದು ಬೇಗ ದಾಟುತ್ತದೆ. ಗೇನ್ (ಪಲ್ಸ್ ಹಿಗ್ಗಿಸುವ ಪ್ರಮಾಣ) ಬದಲಾದರೆ ಟೈಮೂ ಬದಲಾಯಿತು ಅಂತ ಲೆಕ್ಕ. ಕ್ರಿಸ್ಟಲಿನ ಬೆಳಕನ್ನು ಪಲ್ಸ್ ಮಾಡುವುದು ಸಿಲಿಕಾನ್ ಫೋಟೊಮಲ್ಟಿಪ್ಲೈಯರ್ ಆದರೆ ಇನ್ನೊಂದು ರಗಳೆ: ಬಿಸಿ ಏರಿದ ಹಾಗೆ ಅದರ ಬ್ರೇಕ್‌ಡೌನ್ ವೋಲ್ಟೇಜ್ ಏರಿ ಗೇನ್ ಇಳಿಯುತ್ತದೆ. ಕವರ್ ಮುಚ್ಚಿ, ಕೂಲಿಂಗ್ ನಿಂತ ಮೇಲೆ... ಅಲ್ಲಲ್ಲ, ತಾಪಮಾನ ಒಂದು ಕಡೆ ನಿಂತ ಮೇಲೆ ಓಡಿಸಿ. ಕೂಲಿಂಗ್ ನಿಂತರೆ ಕಥೆ ಮುಗಿಯಿತು.

ಉತ್ತರ 3: ಎಲ್‌ವೈಎಸ್‌ಒ ಕ್ರಿಸ್ಟಲ್ ಆದರೆ ಸೋರ್ಸ್ ಇಲ್ಲದೆಯೂ ಪರೀಕ್ಷೆ ಮಾಡಬಹುದು. ಅದರೊಳಗಿನ ಲುಟೇಷಿಯಂ-176 ತಾನೇ ಕ್ಷಯಿಸುತ್ತದೆ. ಬೀಟಾ ಅದೇ ಕ್ರಿಸ್ಟಲಿನಲ್ಲಿ ನಿಲ್ಲುತ್ತದೆ, 202 ಅಥವಾ 307 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಎದುರಿಗೆ ಹಾರುತ್ತದೆ. ಎರಡು ಕ್ರಿಸ್ಟಲ್ ನಡುವೆ 75 ಸೆಂಟಿಮೀಟರ್ ಇದ್ದರೆ ಪ್ಲಸ್ 2.5, ಮೈನಸ್ 2.5 ನ್ಯಾನೋಸೆಕೆಂಡ್ ಹತ್ತಿರ ಟೈಮ್ ವ್ಯತ್ಯಾಸದ ಗ್ರಾಫಿನಲ್ಲಿ ಎರಡು ಗುಡ್ಡ ಕಾಣುತ್ತವೆ. ಅವುಗಳ ನಡುಬಿಂದು ಸೊನ್ನೆಯಲ್ಲಿ ಇಲ್ಲದಿದ್ದರೆ ಅದೇ ಆಫ್‌ಸೆಟ್. ಫ್ಯಾಂಟಮ್ ಎಲ್ಲಿಟ್ಟೆ ಅನ್ನುವ ತಲೆನೋವೇ ಇಲ್ಲ. ಆದರೆ ಎನರ್ಜಿ 511ಕ್ಕಿಂತ ಕಮ್ಮಿ, ಹಾಗಾಗಿ ಇದನ್ನೇ ಅಂತಿಮ ಪಟ್ಟಿ ಮಾಡಿಕೊಳ್ಳಬೇಡಿ. ತಾಳೆ ನೋಡಲು ಸಾಕು.

ಕೇಳಿದವರು: ಗ್ರಾಫ್ ಹಾಕಿದೆ. ಅಲೆಯೇ! ಮೂರು ಸಲಕ್ಕೆ ಮೂರು ಅಲೆ, ಹೋಲ್ಡರಿನ ಸ್ಕ್ರೂ ಸಡಿಲ. ಕೊನೆಯ ಸಲವಂತೂ ಸಿಲಿಂಡರ್ 18 ಮಿಲಿಮೀಟರ್ ಕೆಳಗಿತ್ತು. ನಿಜವಾದ ಕೇಂದ್ರ ಕೊಟ್ಟ ಮೇಲೆ ಅಲೆ ಹೋಯಿತು, ರೆಸಲ್ಯೂಶನ್ 385ಕ್ಕೆ ಬಂತು. ಆದರೆ ಹೊಸ ಮಾಡ್ಯೂಲ್ ಜಾಗದಲ್ಲಿ ಒಂದು ಮೆಟ್ಟಿಲು ಹಾಗೇ ಇದೆ. ಅದಕ್ಕೇನು ಮಾಡಲಿ?

ಉತ್ತರ 1: ಮೂರೂ ಪಟ್ಟಿಯಲ್ಲಿ ಆ ಮೆಟ್ಟಿಲು ಅಷ್ಟೇ ಎತ್ತರ ಇದೆಯಾ? ಇದ್ದರೆ ಬಿಡಿ, ಅದು ಆ ಮಾಡ್ಯೂಲಿನ ಸ್ವಂತ ತಡ. ಆಫ್‌ಸೆಟ್ ಪಟ್ಟಿ ಇರುವುದೇ ಅದನ್ನು ಕಳೆಯಲು. ಸಲ ಸಲಕ್ಕೂ ಎತ್ತರ ಬದಲಾಗುತ್ತಿದ್ದರೆ ಮಾತ್ರ ಕನೆಕ್ಟರ್ ಬಿಚ್ಚಿ ನೋಡಿ.

ಕೇಳಿದವರು: ಮೂರರಲ್ಲೂ ಒಂದೇ ಎತ್ತರ. ಸ್ಕ್ರೂ ಬಿಗಿ ಮಾಡಿ ಕವರ್ ಮುಚ್ಚಿದೆ.