‘ಮಂಜುಗಡ್ಡೆ ಬಿಟ್ಟಿತು’ ಅಂದರೆ ಸರಿಯಾಗುತ್ತಾ?

ಎಲ್ಲರಿಗೂ ನಮಸ್ಕಾರ.

ಜಪಾನಿನ ಹೊಕ್ಕೈಡೊ ಮೀನುಗಾರರ ಮೇಲಿನ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದ ಕೈಕೊಟ್ಟಿವೆ.

ಮೊದಲನೆಯದು ‘ರ್ಯೂಹ್ಯೋ’. ಹೊಕ್ಕೈಡೊದ ಉತ್ತರಕ್ಕಿರುವ ಓಖೋಟ್ಸ್ಕ್ ಕಡಲಲ್ಲಿ ಹೆಪ್ಪುಗಟ್ಟಿ, ಗಾಳಿ ತಳ್ಳಿದ ಕಡೆ ತೇಲುತ್ತಾ, ಜನವರಿ ಕೊನೆಯ ಹೊತ್ತಿಗೆ ಅಲ್ಲಿನ ಅಬಾಶಿರಿ, ಮೊಂಬೆತ್ಸು ಊರುಗಳ ದಡಕ್ಕೆ ಬರುವ ಮಂಜುಗಡ್ಡೆ ಇದು. ನಾನು ಮೊದಲು ‘ಕಡಲಮಂಜು’ ಅಂತ ಬರೆದೆ. ಓದಿದ ಗೆಳೆಯ, ‘ಇಷ್ಟು ಮಂಜು ಕವಿದರೆ ದೋಣಿಯವರಿಗೆ ದಾರಿ ಹೇಗೆ ಕಾಣುತ್ತೆ?’ ಅಂದ! ನಮಗೆ ಮಂಜು ಅಂದರೆ ಕವಿಯೋದೇ ಅಲ್ವಾ. ‘ತೇಲುಗಡ್ಡೆ’ ಅಂದರೆ ಗೆಣಸು ತೇಲಿದ ಹಾಗಿದೆ. ‘ಹಿಮಬಂಡೆ’ ತಪ್ಪೇ ಆಗುತ್ತೆ. ಅದು ನೆಲದ ಹಿಮನದಿಯಿಂದ ಮುರಿದು ಬಿದ್ದದ್ದು. ಇದು ಕಡಲ ನೀರೇ ಗಟ್ಟಿಯಾದದ್ದು. ಸದ್ಯಕ್ಕೆ ‘ತೇಲುನೀರ್ಗಲ್ಲು’ ಅಂತ ಇಟ್ಟಿದ್ದೇನೆ, ನಾಲಿಗೆ ತೊಡರುತ್ತೆ.

ಎರಡನೆಯದೇ ಜಾಸ್ತಿ ಕಾಡುತ್ತಿರೋದು: ‘ಉಮಿಅಕೆ’. ಉಮಿ ಅಂದರೆ ಕಡಲು. ಇರುಳು ಕಳೆಯೋದಕ್ಕೂ, ಮಳೆಗಾಲ ಮುಗಿಯೋದಕ್ಕೂ ಅವರು ‘ಅಕೆ’ ಅನ್ನುತ್ತಾರೆ. ಚಳಿಗಾಲವಿಡೀ ದೋಣಿಗಳು ದಡದ ಮೇಲೆ. ಗಡ್ಡೆ ದೂರ ಸರಿದ ಮೇಲೆ ಮತ್ತೆ ನೀರಿಗೆ. ಆ ಹೊತ್ತಿಗೆ ಈ ಹೆಸರು.

ಗಡ್ಡೆ ಬರೀ ಅಡ್ಡಿಯಾಗಿದ್ದರೆ ಸುಮ್ನೆ ‘ಕಡಲು ತೆರೆಯಿತು’ ಅಂತ ಬರೆದು ಮುಗಿಸುತ್ತಿದ್ದೆ. ಆದರೆ ಅದೇ ಅನ್ನ ಕೊಡೋದು ಕೂಡ. ಒಂದು ತುಂಡು ಮಗುಚಿ ನೋಡಿದರೆ ತಳವೆಲ್ಲ ಟೀ ಕರೆ ಹಿಡಿದ ಹಾಗೆ ಕಂದು. ಅದು ಗಡ್ಡೆಯೊಳಗೇ ಬೆಳೆಯುವ ಪಾಚಿ. ವಸಂತದಲ್ಲಿ ಗಡ್ಡೆ ಕರಗಿದಾಗ ಪಾಚಿ ನೀರಿಗಿಳಿಯುತ್ತೆ. ಬಿಸಿಲು ಬಿದ್ದಂತೆ ಕಣ್ಣಿಗೆ ಕಾಣದ ತೇಲುಸಸ್ಯಗಳೂ ಒಮ್ಮೆಲೇ ಹೆಚ್ಚುತ್ತವೆ. ತಳದಲ್ಲಿ ಕೂತ ಸ್ಕಾಲಪ್ ಅನ್ನೋ ಚಿಪ್ಪುಜೀವಿಗಳು ನೀರು ಸೋಸಿ ಇದನ್ನೇ ತಿಂದು ಕೊಬ್ಬುತ್ತವೆ. ಅಲ್ಲಿನವರು ಕಡಲತಳವನ್ನು ಪಾಲು ಮಾಡಿಕೊಂಡು, ವರ್ಷಕ್ಕೊಂದು ಪಾಲಿನಲ್ಲಿ ಚಿಪ್ಪು ಎತ್ತಿ, ಮತ್ತೆ ಮರಿ ಬಿತ್ತುತ್ತಾರೆ. (ಸ್ಕಾಲಪ್‌ಗೆ ಅವರ ಹೆಸರು ‘ಹೊತಾತೆ’, ಹಾಯಿ ಎತ್ತಿದ್ದು ಅಂತ. ‘ಹಾಯಿಚಿಪ್ಪು’ ಅನ್ನೋ ಆಸೆ ನನಗೆ.)

ಹಾಗಾಗಿ ನನಗೆ ತೋಚಿದ್ದು ‘ಬಿಡು’. ಮಳೆ ಬಿಟ್ಟಿತು, ಗ್ರಹಣ ಬಿಟ್ಟಿತು ಅನ್ನುತ್ತೇವಲ್ಲ, ಹಾಗೆ ‘ಮಂಜುಗಡ್ಡೆ ಬಿಟ್ಟಿತು’. ಮಳೆ ಬಿಟ್ಟಿತು ಅಂದಾಗ ಮಳೆಯ ಮೇಲೆ ಸಿಟ್ಟೇನೂ ಇರಲ್ಲ ನೋಡಿ. ಕ್ರಿಯಾಪದ ಸಿಕ್ಕಿತು, ಆದರೆ ಹೆಸರು? ‘ಗಡ್ಡೆಬಿಡುವು’ ಅಂದರೆ ರಜೆ ಕೊಟ್ಟ ಹಾಗೆ ಕೇಳುತ್ತೆ. ‘ಕಡಲಬಿಡುಗಡೆ’ ತೀರಾ ಭಾಷಣ. ಬೇರೆ ಏನಾದರೂ ಹೊಳೆಯುತ್ತಾ?