ಬೇಸ್ ಕ್ಲಾರಿನೆಟ್‌ಗೆ ಯಾವ ಮೌತ್‌ಪೀಸ್? ಅನುಭವ ಇದ್ದವರು ಹೇಳಿ

ಕೇಳಿದವರು, ಫ್ರಿಸ್ಕೋ, ಟೆಕ್ಸಾಸ್:
ಮಗಳು 8ನೇ ಕ್ಲಾಸ್. ಎರಡು ವರ್ಷ ಸಾದಾ ಕ್ಲಾರಿನೆಟ್ ನುಡಿಸಿ ಈ ಆಗಸ್ಟ್‌ನಿಂದ ಬೇಸ್ ಕ್ಲಾರಿನೆಟ್‌ಗೆ (ಅದರದೇ ದೊಡ್ಡ, ತಗ್ಗು ದನಿಯ ರೂಪ) ಬಂದಿದ್ದಾಳೆ. ವಾದ್ಯ ಶಾಲೆಯದು. ಅದರ ಜೊತೆ ಕೊಟ್ಟ ಪ್ಲಾಸ್ಟಿಕ್ ಮೌತ್‌ಪೀಸ್‌ನಲ್ಲಿ (ಬಾಯಿಗಿಟ್ಟು ಊದುವ ಭಾಗ) ಕೆಳಗಿನ ಸ್ವರಗಳು ತುಂಬಿ ಬರುತ್ತವೆ, ರಿಜಿಸ್ಟರ್ ದಾಟಿ ಮೇಲಿನ ಸ್ವರಗಳಿಗೆ ಹೋದ ತಕ್ಷಣ ಕೀಚಲು ದನಿ. ಸೆಲ್ಮರ್ ಸಿ ಸ್ಟಾರ್ ಅಥವಾ ವ್ಯಾಂಡೊರೆನ್ ಬಿ50 ತನ್ನಿ ಅಂದಿದ್ದಾರೆ ಬ್ಯಾಂಡ್ ಡೈರೆಕ್ಟರ್. ಯಾವುದು ತರಲಿ?

ಆಸ್ಟಿನ್‌ನಿಂದ:
ಸಿ ಸ್ಟಾರ್. ಯೋಚನೆಯೇ ಬೇಡ ಮೇಡಂ. ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಮಗ 9ನೇ ಕ್ಲಾಸ್, ಆಲ್-ರೀಜನ್ (ಹಲವು ಶಾಲೆಗಳಿಂದ ಆಯ್ದ ಮಕ್ಕಳ ಬ್ಯಾಂಡ್) ಆಡಿಷನ್‌ಗೆ ಏಳು ವಾರ ಉಳಿದಿತ್ತು. ಮೊದಲು ತಂದದ್ದು ಬಿ50, 165 ಡಾಲರ್. ಜೊತೆಗೆ 3ನೇ ನಂಬರ್ ರೀಡ್ (ಮೌತ್‌ಪೀಸ್‌ಗೆ ಕಟ್ಟುವ, ಊದಿದರೆ ಕಂಪಿಸುವ ಪಟ್ಟಿ; ನಂಬರ್ ಹೆಚ್ಚಿದಷ್ಟೂ ಗಟ್ಟಿ), ಐದರ ಡಬ್ಬಿ, 34. ಊದಿದರೆ ಬರೀ ಗಾಳಿ. ಒಂದು ಎಟ್ಯೂಡ್ (ಅಭ್ಯಾಸದ ಕೃತಿ) ಮುಗಿಯುವಷ್ಟರಲ್ಲಿ ತುಟಿ ಸೋತು ಬಾಯಿಯ ಮೂಲೆಯಿಂದ ಗಾಳಿ ಸೋರುತ್ತಿತ್ತು. ರಾತ್ರಿ ಹತ್ತು ಗಂಟೆಗೆ ಅಳುತ್ತಾ ಕೂತಿದ್ದ. ಬಾಯಿಗೆ ಇಟ್ಟ ವಸ್ತು ಅಂತ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಸಿ ಸ್ಟಾರ್‌ಗೆ ಮತ್ತೆ 220. ಅದರ ಕಾರ್ಕ್ ಶಾಲೆಯ ವಾದ್ಯದ ನೆಕ್‌ಗೆ (ಮೌತ್‌ಪೀಸ್ ಕೂರುವ ಬಾಗಿದ ಕೊಳವೆ) ಬಿಗಿ. ಉಪ್ಪುಕಾಗದದಲ್ಲಿ ನಾನೇ ಉಜ್ಜಿದೆ, ಜಾಸ್ತಿ ಉಜ್ಜಿ ಸಡಿಲವಾಯಿತು. ಹೊಸ ಕಾರ್ಕ್ ಹಾಕಿಸಲು 25. ಎರಡೂವರೆ ನಂಬರ್ ರೀಡ್‌ಗೆ ಮತ್ತೆ 34. ಒಟ್ಟು 478 ಡಾಲರ್. ರಸೀದಿ ಇನ್ನೂ ಇಟ್ಟಿದ್ದೇನೆ. ಆದರೆ ಹುಡುಗ ರೀಜನ್‌ಗೆ ಆಯ್ಕೆಯಾದ. ಪರದೆಯ ಆಚೆ ಕೂತ ಜಡ್ಜ್‌ಗಳಿಗೆ ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳಿಸುತ್ತದೆ. ಆ ದನಿ ಕೊಟ್ಟದ್ದು ಸಿ ಸ್ಟಾರ್.

ಸ್ಯಾನ್ ಹೋಸೆಯಿಂದ:
ಬಿ50ಗೆ 3ನೇ ನಂಬರ್ ರೀಡ್ ಹಾಕಿ ಮೌತ್‌ಪೀಸ್ ಸರಿಯಿಲ್ಲ ಅಂದರೆ ಹೇಗೆ ಸಾರ್? ತುದಿ ಅಗಲವಾಗಿ ತೆರೆದಿರುವ, ಅಂದರೆ ತುದಿಗೂ ರೀಡ್‌ಗೂ ನಡುವೆ ಸಂದು ಜಾಸ್ತಿ ಇರುವ ಮೌತ್‌ಪೀಸ್ ಅದು. ಮೆತ್ತನೆ ರೀಡ್ ಬೇಕು, ಅಷ್ಟೇ. ನಾನು 35 ದಾಟಿದ ಮೇಲೆ ಕಲಿತವನು. ಊರಿನ ಕಮ್ಯುನಿಟಿ ಬ್ಯಾಂಡ್‌ನಲ್ಲಿ 12 ವರ್ಷದಿಂದ ಅದೇ ಬಿ50, ಎರಡೂವರೆ ರೀಡ್. ಮೊದಲ ಆರು ತಿಂಗಳು ನನಗೂ ಕೀಚಲು ದನಿಯೇ. ಸಾದಾ ಕ್ಲಾರಿನೆಟ್‌ನಿಂದ ಬಂದವರು ತುದಿಯನ್ನಷ್ಟೇ ಕಚ್ಚುತ್ತಾರೆ. ಬೇಸ್‌ನಲ್ಲಿ ಮೌತ್‌ಪೀಸ್ ಬಾಯಿಯೊಳಗೆ ಇನ್ನೂ ಜಾಸ್ತಿ ಹೋಗಬೇಕು, ಹೆಚ್ಚುಕಮ್ಮಿ ಅಡ್ಡಡ್ಡ ಬರಬೇಕು. ಪೆಗ್ (ವಾದ್ಯವನ್ನು ನೆಲಕ್ಕೆ ಊರುವ ಕಡ್ಡಿ) ಒಂದೂವರೆ ಇಂಚು ಏರಿಸಿದೆ, ಅರ್ಧ ತೊಂದರೆ ಅಲ್ಲೇ ಹೋಯಿತು. ಈಗ ಕೆಳಗಿನ ಇ ಫ್ಲ್ಯಾಟ್ ಸ್ವರ ಹಿಡಿದರೆ ಪಕ್ಕದವರ ಸ್ಟ್ಯಾಂಡ್ ನಡುಗುತ್ತದೆ.

ಆಸ್ಟಿನ್‌ನಿಂದ:
ನೀವು ದೊಡ್ಡವರು, ನಿಮ್ಮ ತುಟಿಗೆ ಶಕ್ತಿ ಇದೆ. ಅವನಿಗೆ ಆಗ 14 ವರ್ಷ. 3ನೇ ನಂಬರ್ ರೀಡ್ ಕೊಟ್ಟದ್ದು ಅಂಗಡಿಯವರು, ನಾನಲ್ಲ. ನನ್ನ ಮಗನ ಕಣ್ಣೀರನ್ನು ನೀವು ನೋಡಿಲ್ಲ.

ಎಡಿಸನ್, ನ್ಯೂಜೆರ್ಸಿಯಿಂದ:
ಇಬ್ಬರೂ ಸ್ವಲ್ಪ ತಡೀರಿ. ನಾನು ಮೂರು ಮೌತ್‌ಪೀಸ್ ಕೊಂಡವಳು. ಸಿ ಸ್ಟಾರ್, ಬಿ50, ಆಮೇಲೆ ಫೋಬ್ಸ್ ನೋವಾ. 600 ಡಾಲರ್ ಮೇಲೆ ಹೋಯಿತು. ಮೂರರಲ್ಲೂ ಅದೇ ಕೀಚಲು. ಕಚ್ಚಬೇಡ, ಗಮನ ಕೊಟ್ಟು ಊದು ಅಂತ ಎರಡು ವರ್ಷ ಮಗಳನ್ನು ಬೈದೆ. ಕೊನೆಗೆ ಒಬ್ಬ ರಿಪೇರಿಯವರು ಕೋಣೆ ಕತ್ತಲೆ ಮಾಡಿ ಕೊಳವೆಯೊಳಗೆ ದೀಪ ಇಳಿಸಿ ತೋರಿಸಿದರು. ಎರಡು ಪ್ಯಾಡ್‌ಗಳ (ಕೀ ಒತ್ತಿದಾಗ ರಂಧ್ರ ಮುಚ್ಚುವ ಮೆತ್ತೆ) ಅಂಚಿನಿಂದ ಬೆಳಕು ಆಚೆ ಬರುತ್ತಿತ್ತು. ಎರಡೂ ಬದಲಿಸಲು 70 ಡಾಲರ್. ಅವತ್ತೇ ಸರಿಹೋಯಿತು. ಅಷ್ಟರಲ್ಲಿ ಅವಳು ಬ್ಯಾಂಡ್ ಬಿಡುತ್ತೇನೆ ಅಂತ ಬರೆದುಕೊಟ್ಟಾಗಿತ್ತು. ಮತ್ತೆ ಸೇರಲಿಲ್ಲ. ಮೂರೂ ಮೌತ್‌ಪೀಸ್ ಡ್ರಾಯರ್‌ನಲ್ಲಿವೆ, ಮಾರಲು ಮನಸ್ಸು ಬಂದಿಲ್ಲ.

ಮೈಸೂರಿನಿಂದ:
ನಾನು ನುಡಿಸುವುದು ಕರ್ನಾಟಕ ಸಂಗೀತ, ಸಾದಾ ಕ್ಲಾರಿನೆಟ್‌ನಲ್ಲಿ. ಎ.ಕೆ.ಸಿ. ನಟರಾಜನ್ ಅವರ ಕ್ಲಾರಿನೆಟ್ ಕೇಳಿ ಈ ವಾದ್ಯ ಹಿಡಿದವನು. ಬಿಗಿ ಮೌತ್‌ಪೀಸ್‌ನಲ್ಲಿ ಸ್ವರ ಕಂಬದ ಹಾಗೆ ನಿಂತುಬಿಡುತ್ತದೆ. ತೋಡಿ ರಾಗದ ಗಾಂಧಾರ ಸ್ವರ ಅಲುಗಬೇಕಾದರೆ ತುಟಿ ಸಡಿಲ ಇರಬೇಕು, ತುದಿ ತೆರೆದಿರಬೇಕು. ಹಾಗಾಗಿ ನನ್ನ ಓಟು ತೆರೆದ ಮೌತ್‌ಪೀಸ್‌ಗೆ. ಯಾವುದೇ ತಂದರೂ ವಾರಕ್ಕೊಮ್ಮೆ ಬಿಸಿನೀರಲ್ಲಿ ತೊಳೆಯಿರಿ.

ಸ್ಯಾನ್ ಹೋಸೆಯಿಂದ:
ದಯವಿಟ್ಟು ಬಿಸಿನೀರು ಬೇಡ! ಗಟ್ಟಿ ರಬ್ಬರ್ ಅದು. ಬಿಸಿನೀರು ಬಿದ್ದರೆ ಬಣ್ಣ ತಿರುಗಿ ಗಂಧಕದ ವಾಸನೆ ಹೊಡೆಯುತ್ತದೆ, ಅಂಚು ಸೊಟ್ಟಗಾದರೂ ಆಗಬಹುದು. ತಣ್ಣೀರು, ಒಂದು ಹನಿ ಪಾತ್ರೆ ಸೋಪು, ಸಾಕು.

ಮೈಸೂರಿನಿಂದ:
25 ವರ್ಷದಿಂದ ತೊಳೆಯುತ್ತಿದ್ದೇನೆ. ನನ್ನದು ಸೊಟ್ಟಗಾಗಿಲ್ಲ.

ಸ್ಯಾನ್ ಹೋಸೆಯಿಂದ:
ಬಣ್ಣ ಕಪ್ಪಾಗೇ ಇದೆಯಾ? ನಿಜ ಹೇಳಿ.

ಮೈಸೂರಿನಿಂದ:
ಸ್ವಲ್ಪ ಹಸಿರುಗಂದು ಆಗಿದೆ. ನಾದ ಹಾಗೇ ಇದೆ. ನನಗೆ ಬೇಕಾದದ್ದು ನಾದ.

ಆಸ್ಟಿನ್‌ನಿಂದ:
ತೋಡಿ, ಬಿಸಿನೀರು ಎಲ್ಲಾ ಇಲ್ಲಿಗೆ ಯಾಕೆ? ಅವರು ಕೇಳಿದ್ದು ಶಾಲೆಯ ಬ್ಯಾಂಡ್‌ಗೆ. ಅಲ್ಲಿ ಸ್ವರ ಅಲುಗಿದರೆ ಅಂಕ ಹೋಗುತ್ತದೆ.

ಕೇಳಿದವರು:
ಎಡಿಸನ್ ಅಕ್ಕಾ, ದೀಪ ಹಾಕಿ ನೋಡುವುದನ್ನು ಶಾಲೆಯವರೇ ಮಾಡುತ್ತಾರಾ?

ಎಡಿಸನ್‌ನಿಂದ:
ಶಾಲೆಗೆ ಬರುವ ರಿಪೇರಿಯವರು ಇರುತ್ತಾರಲ್ವಾ, ಅವರಿಗೇ ತೋರಿಸಲು ಹೇಳಿ. ಅದಕ್ಕೂ ಮುಂಚೆ ಏನೂ ಕೊಳ್ಳಬೇಡಿ. ಎಡಗೈ ತೋರುಬೆರಳಿನ ಕೀ ಮೊದಲು ನೋಡಿಸಿ. ನಮ್ಮದು ಅಲ್ಲೇ ಸೋರುತ್ತಿತ್ತು.